ಮೂವತ್ತೇಳನೆಯ ಗೆಜ್ಜೆ

ಟಿಟ್ವಾಳಾದಿಂದ ಹೊರಟ ಲೋಕಲ್ ರೈಲು ಕಲ್ಯಾಣ ಮುಟ್ಟುವುದರೊಳಗೆ ಅನಸೂಯಾ ಆ ಧ್ವನಿಮುದ್ರಣವನ್ನು ನಾಲ್ಕು ಸಲ ಕೇಳಿಯಾಗಿತ್ತು. ಒಟ್ಟು ಐವತ್ತೆರಡು ಸೆಕೆಂಡು. ಕಿವಿಯೊಳಗೆ ಮೊದಲು ಅವಳದೇ ದನಿ ಬರುತ್ತದೆ. ನಮಸ್ಕಾರ ಹೇಳಿ, ನಿಮಗೆ ಸಿಕ್ಕಿದ ವಸ್ತು ಯಾವುದು, ಎಲ್ಲಿ ಸಿಕ್ಕಿತು, ನಿಮ್ಮ ಹೆಸರೇನು ಎಂದು ಕೇಳುತ್ತದೆ. ಆಮೇಲೆ ಪಾತ್ರೆಗಳ ಸದ್ದು, ಯಾರೋ ಎರಡು ಮಸಾಲೆ ಎಂದು ಒಳಗೆ ಕೂಗಿದ್ದು, ಅದರ ನಡುವೆ ಹೋಟೆಲಿನ ಗಲ್ಲಾದಲ್ಲಿ ಕೂರುವ ಪುಂಡರೀಕಾಕ್ಷರ ಕೆಮ್ಮು. “ಹಲೋ, ನೀವು ಮಗುವಿನ ಅಮ್ಮನಾ?” ಅವಳ ದನಿ ಮತ್ತೆ ಅದೇ ಮೂರು ಪ್ರಶ್ನೆ ಕೇಳುತ್ತದೆ. “ಅದು ಹೇಳುವ. ಮೊದ್ಲು ನೀವು ಹೇಳಿ, ನಿಮ್ಮ ಊರು ಎಲ್ಲಿ ಆಯ್ತು? ಯಾರ ಪೈಕಿ? ಮಗು ಸೌಖ್ಯ ಉಂಟಾ?” ದನಿ ಮೂರನೆಯ ಸಲವೂ ಏರದೆ ಇಳಿಯದೆ ಅದನ್ನೇ ಕೇಳುತ್ತದೆ. ಅವರು ಸುಮ್ಮನಾಗುತ್ತಾರೆ. ಆ ಸುಮ್ಮನೆ ಇರುವುದೇ ಹದಿನಾಲ್ಕು ಸೆಕೆಂಡು ಎಂದು ಅವಳು ಎಣಿಸಿದ್ದಳು. “ಯಾರಮ್ಮಾ ನೀನು?” ಎಂದು ಮೆಲ್ಲಗೆ, ಸ್ವಲ್ಪ ಹೆದರಿದವರಂತೆ ಕೇಳಿ ಫೋನಿಟ್ಟುಬಿಡುತ್ತಾರೆ. ಅದರ ಕೆಳಗೆ, ಕರೆಗಳಿಗೆ ಉತ್ತರಿಸುವ ಆಫೀಸಿನ ಯಂತ್ರ ತನ್ನ ತೀರ್ಮಾನ ಬರೆದಿತ್ತು. ಮಾಹಿತಿ ಕೊಟ್ಟಿಲ್ಲ, ಮರುಪ್ರಶ್ನೆ ಹಾಕಿದ್ದಾರೆ. ವರ್ಗ: ಜಾರಿಕೊಳ್ಳುವಿಕೆ. ಖಚಿತತೆ: ನೂರಕ್ಕೆ ತೊಂಬತ್ತೊಂದು.

ದನಿ ಅವಳದು, ಆದರೆ ಆ ಮಾತುಗಳನ್ನು ಅವಳು ಯಾವತ್ತೂ ಆಡಿದವಳಲ್ಲ. ಮಳೆಗಾಲಕ್ಕೆ ಮೊದಲು ಘಣಸೋಲಿಯ ಆಫೀಸಿನಲ್ಲಿ, ಗೋಡೆಗೆಲ್ಲ ಸ್ಪಂಜು ಬಡಿದ ಒಂದು ಕೋಣೆಯಲ್ಲಿ ಎರಡು ದಿನ ಕೂರಿಸಿ ಅವಳಿಂದ ಏನೇನೋ ವಾಕ್ಯ ಓದಿಸಿದ್ದರು. ರೈಲು ಹೊತ್ತಿಗೆ ಸರಿಯಾಗಿ ಬಂತು. ಅಂಗಡಿಯ ಬಾಗಿಲು ಮುಚ್ಚಿದೆ. ಅಜ್ಜಿಗೆ ಈಗ ಕಣ್ಣು ಕಾಣುವುದಿಲ್ಲ, ಇಂಥವು. ಅದನ್ನು ಕೇಳಿ ಕಲಿತ ಯಂತ್ರ ಈಗ ಅವಳ ದನಿಯಲ್ಲಿ ಏನು ಬೇಕಾದರೂ ಹೇಳಬಲ್ಲದು. ಆಗ ಅವಳಿಗೆ ಹೆಮ್ಮೆಯೇ ಆಗಿತ್ತು. ಇಷ್ಟು ಜನ ಓದಿದವರಿರುವ ಆಫೀಸಿನಲ್ಲಿ, ಕಲ್ಯಾಣದ ಸಂಜೆ ಕಾಲೇಜಿನಲ್ಲಿ ಎಂಟು ವರ್ಷ ಹಾಕಿ ಡಿಗ್ರಿ ಮುಗಿಸಿದ ತನ್ನ ದನಿ ಬೇಕಾಯಿತಲ್ಲ ಎಂದು. ಈ ಬೆಳಿಗ್ಗೆ ಡಬ್ಬಿಗೆ ಚಪಾತಿ ಸುತ್ತುತ್ತ ಆ ಧ್ವನಿಮುದ್ರಣವನ್ನು ಸ್ಪೀಕರಿಗೆ ಹಾಕಿದಾಗ ಮಗಳು ಪೂಜಿತಾ ಹಲ್ಲುಜ್ಜುತ್ತ ಬಂದು ನಿಂತು ಕೇಳಿದಳು. ಮನೆಯಲ್ಲಿ ತುಳು ಕೇಳಿಸಿಕೊಂಡು ಹಿಂದಿಯಲ್ಲಿ ಉತ್ತರ ಕೊಡುವ ಹುಡುಗಿ. “ಅಮ್ಮಾ, ಯೇ ತುಮ್ ನಹೀ ಹೋ,” ಅಂದಳು. “ತುಮ್ ಬೋಲ್ತೇ ಬೋಲ್ತೇ ಅಟಕ್ತೀ ಹೋ. ಯೇ ಕಹೀ ಅಟಕ್ತೀ ನಹೀ.” ನಿಜ, ಆ ದನಿ ಎಲ್ಲೂ ತಡೆಯುವುದಿಲ್ಲ. ಮಾತಿನ ನಡುವೆ ತೊಡರಿಕೊಳ್ಳುವುದು, ಹೇಳಿದ್ದು ಸರಿಯೋ ಎಂದು ಎದುರಿನವರ ಮುಖ ನೋಡುವುದು ಅನಸೂಯಾಳ ಸ್ವಭಾವ. ಆ ದನಿಗೆ ಆ ಚಿಂತೆಯಿಲ್ಲ. ಅದಕ್ಕೆ ನೋಡಲು ಯಾರ ಮುಖವೂ ಇಲ್ಲ.

ಕಲ್ಯಾಣದಲ್ಲಿ ಹೆಂಗಸರು ನುಗ್ಗಿದರು. ಯಾರದೋ ಮೊಣಕೈ ಅವಳ ಪಕ್ಕೆಗೆ ತಾಗಿತು. ಚೀಲವನ್ನು ಎದೆಗೆ ಒತ್ತಿಕೊಂಡಳು. ಹೀಗೇ ಇಪ್ಪತ್ತನಾಲ್ಕು ದಿನಗಳ ಹಿಂದೆ ಒಂದು ಕೆಂಪು ಬಟ್ಟೆಯ ಚೀಲವನ್ನು ಒತ್ತಿಕೊಂಡು ಡೊಂಬಿವಲಿಯಲ್ಲಿ ಇಳಿದಿದ್ದಳು. ಅಂಥ ಅರವತ್ತು ಪುಟ್ಟ ಚೀಲಗಳನ್ನು ಅವಳೇ ಹೊಲಿದಿದ್ದಳು. ಒಂದೊಂದರಲ್ಲಿ ಒಂದೊಂದೇ ಬೆಳ್ಳಿಯ ಗೆಜ್ಜೆ, ವರ್ಷದ ಮಗುವಿನ ಕಾಲಿಗಾಗುವಷ್ಟು. ಕಲ್ಯಾಣದ ಚಿನ್ನಬೆಳ್ಳಿ ಅಂಗಡಿಯವನು ಮೂವತ್ತು ಜೊತೆ ಗೆಜ್ಜೆ ಕಟ್ಟಿಕೊಡುತ್ತ, ಅನಾಥಾಶ್ರಮಕ್ಕಾ ಬಾಯೀ ಎಂದು ಕೇಳಿದ್ದಕ್ಕೆ ಅವಳು ಹೂಂ ಅಂದುಬಿಟ್ಟಿದ್ದಳು. ಅದು ಈ ಕೆಲಸದಲ್ಲಿ ಅವಳು ಹೇಳಿದ ಮೊದಲನೆಯ ಸುಳ್ಳು. ಗೆಜ್ಜೆಯ ಜೊತೆ ಮೂರು ಭಾಷೆಯಲ್ಲಿ ಒಂದು ಚೀಟಿ. ಇದು ನನ್ನ ಮಗಳ ಗೆಜ್ಜೆ, ಸಿಕ್ಕಿದವರು ದಯವಿಟ್ಟು ಈ ನಂಬರಿಗೆ ತಿಳಿಸಿ, ಇಂತಿ ತಾಯಿ. ಕನ್ನಡದ್ದನ್ನು ಬರೆದವಳೂ ಅವಳೇ. ಠಾಣೆಯಿಂದ ಕಲ್ಯಾಣದವರೆಗೆ ಅರವತ್ತು ಹೋಟೆಲು, ಅಂಗಡಿಗಳಿಗೆ ಹೋಗಿ ಗಲ್ಲಾದಲ್ಲಿ ಕೂತವರ ಕೈಗೆ ಚೀಲ ಕೊಟ್ಟು, ನಿಮ್ಮ ಮೇಜಿನ ಕೆಳಗೆ ಬಿದ್ದಿತ್ತು, ನನಗೆ ಗಾಡಿಗೆ ಹೊತ್ತಾಯಿತು, ನೀವೇ ನೋಡಿಕೊಳ್ಳಿ ಎಂದು ಹೇಳಿ ಹೊರಟುಬಿಡಬೇಕು. ಇಪ್ಪತ್ತೊಂದು ದಿನದೊಳಗೆ ಅವರು ಆ ನಂಬರಿಗೆ ಫೋನು ಮಾಡಿ ಹೆಸರು, ಊರು ಹೇಳಿದರೆ ಒಂದು. ಇಲ್ಲದಿದ್ದರೆ ಸೊನ್ನೆ. ಹೇಳಿದ ಕೂಡಲೇ, ಮಗುವಿನ ತಾಯಿಗೆ ತಿಳಿಸುವ ಸಂದೇಶವೊಂದು ಅನಸೂಯಾಳ ಆಫೀಸು ಮೊಬೈಲಿಗೆ ಬಂದು ಬೀಳುತ್ತಿತ್ತು. ವ್ಯವಹಾರದ ನೀತಿ ಜನ ಬಾಯಲ್ಲಿ ಹೇಳುವುದರಲ್ಲಿಲ್ಲ, ಯಾರೂ ನೋಡುತ್ತಿಲ್ಲ ಎಂದುಕೊಂಡಾಗ ಅವರು ಮಾಡುವುದರಲ್ಲಿದೆ ಎಂದು ಈ ಅಧ್ಯಯನ ನಡೆಸುವ ಡಾಕ್ಟರ್ ಜ್ಯೋತ್ಸ್ನಾ ಮೊದಲ ದಿನ ಹೇಳಿದ್ದು ಅನಸೂಯಾಳಿಗೆ ಎಷ್ಟು ಹಿಡಿಸಿತ್ತೆಂದರೆ, ಅದನ್ನು ಡೈರಿಯಲ್ಲಿ ಬರೆದುಕೊಂಡಿದ್ದಳು.

ಇನ್ನೊಂದು ನಿಯಮವೂ ಇತ್ತು. ಚೀಲ ಕೊಟ್ಟ ಜಾಗಕ್ಕೆ ಮತ್ತೆ ಹೋಗಬಾರದು. ಐವತ್ತೊಂಬತ್ತು ಕಡೆ ಅವಳು ಹೋಗಲಿಲ್ಲ. ಮೂವತ್ತೇಳನೆಯ ಚೀಲ ಕೊಟ್ಟ ಡೊಂಬಿವಲಿ ಪೂರ್ವದ ಹೋಟೆಲಿಗೆ ಎಂಟನೆಯ ದಿನ ಹೋದಳು. ಹೊಟ್ಟೆ ಹಸಿದಿತ್ತು, ಅಲ್ಲಿ ನೀರುದೋಸೆ ಮಾಡುತ್ತಾರೆ ಎಂದು ಹೊರಗೆ ಬೋರ್ಡಿತ್ತು, ಇದನ್ನೆಲ್ಲ ಆಮೇಲೆ ತನಗೆ ತಾನೇ ಹೇಳಿಕೊಂಡಿದ್ದಳು. ಗಲ್ಲಾದಲ್ಲಿದ್ದ ಮುದುಕರು ಅವಳನ್ನು ನೋಡಿದ್ದೇ ಎದ್ದು ನಿಂತರು. ಮೂಗಿನ ತುದಿಗೆ ಕನ್ನಡಕ, ಅಂಗಿಯ ಜೇಬಿನಲ್ಲಿ ನಾಲ್ಕು ಪೆನ್ನು. “ಬಂದ್ರಾ ಅಕ್ಕ. ಆ ಮಗುವಿನ ತಾಯಿ ಬರ್ಲೇ ಇಲ್ಲ ನೋಡಿ,” ಅಂದರು, ಅವಳೂ ತನ್ನಷ್ಟೇ ಆ ವಿಷಯಕ್ಕೆ ಸೇರಿದವಳು ಎಂಬ ಹಾಗೆ. ಹೆಸರು ಪುಂಡರೀಕಾಕ್ಷ. ಮೂವತ್ತೊಂದು ವರ್ಷದಿಂದ ಅದೇ ಗಲ್ಲಾ, ಮೇಲಿನ ಮಾಳಿಗೆಯಲ್ಲಿ ಹೋಟೆಲಿನವರೇ ಕೊಟ್ಟ ಕೋಣೆ. ಹದಿನೈದನೆಯ ದಿನ ಹೋದಾಗ ಗಲ್ಲಾದ ಹಿಂದಿನ ದೇವಿಯ ಪಟದ ಮೊಳೆಗೆ ಅರಸಿನದಲ್ಲಿ ಅದ್ದಿದ ಬಟ್ಟೆಯ ಗಂಟೊಂದು ನೇತಾಡುತ್ತಿತ್ತು. ಅವಳು ನೋಡಿದ್ದನ್ನು ಅವರು ನೋಡಿದರು. ಒಂಟಿ ಗೆಜ್ಜೆಯನ್ನು ಹಾಗೇ ಇಟ್ಟುಕೊಳ್ಳಬಾರದು ಎಂದು ವಿವರಿಸಿದರು. ಬೆಳ್ಳಿಯ ಗೆಜ್ಜೆ ಕಳೆದುಕೊಂಡವರು ಹದಿನೈದು ದಿನವಾದರೂ ಹುಡುಕಿಕೊಂಡು ಬರುವುದಿಲ್ಲವೆಂದರೆ ಏನರ್ಥ? ಮಗುವಿಗೇ ಏನೋ ಆಗಿರಬೇಕು. ಕಾಲೇ ಇಲ್ಲದ ಮೇಲೆ ಗೆಜ್ಜೆ ಯಾರಿಗೆ? ಅದಕ್ಕೆ ಊರಿನ ಅಮ್ಮನವರಿಗೆ ಮುಡಿಪು ಕಟ್ಟಿಟ್ಟಿದ್ದಾರೆ. ದಿನಾ ಬೆಳಿಗ್ಗೆ ಊದುಬತ್ತಿ ಹಚ್ಚುವಾಗ, ಮಗು ಎಲ್ಲಿದ್ದರೂ ಕಾಪಾಡು ಎಂದು ಹೇಳಿಕೊಳ್ಳುತ್ತಾರೆ. ತಾಯಿ ಬಂದರೆ ಅವಳ ಕೈಗೆ. ಬಾರದಿದ್ದರೆ ಮೇ ತಿಂಗಳಲ್ಲಿ ಊರಿಗೆ ಹೋದಾಗ ಅಮ್ಮನ ಕಾಲ ಬುಡಕ್ಕೆ. ಇದನ್ನು ಹೇಳುವಾಗ ಅವರು ದನಿ ತಗ್ಗಿಸಿದ್ದರು. ಅನಸೂಯಾ ತಟ್ಟೆಯ ನೀರುದೋಸೆಯನ್ನು ಮಡಚಿ ಮಡಚಿ ಸಣ್ಣದು ಮಾಡಿ, ತಿನ್ನಲಾರದೆ ಬಿಟ್ಟು ಬಂದಿದ್ದಳು.

ಠಾಣೆಯಲ್ಲಿ ಇಳಿದು ಸೇತುವೆ ಹತ್ತಿ ಘಣಸೋಲಿಯ ಗಾಡಿಗೆ ಹೋಗುವಾಗ, ಮುಂದೆ ನಡೆಯುತ್ತಿದ್ದ ಹೆಂಗಸಿನಿಂದ ಇಂಗಿನ ವಾಸನೆ ಬಂತು, ಅದರ ಹಿಂದೆಯೇ ಲೋಲಾಕ್ಷಿ ನೆನಪಾದಳು. ಸಂಜೆ ಕಾಲೇಜಿನಲ್ಲಿ ಪಕ್ಕದ ಬೆಂಚಿನವಳು. ಹಗಲು ಉಪ್ಪಿನಕಾಯಿ ತುಂಬುವ ಕೆಲಸ, ಎಷ್ಟು ತೊಳೆದರೂ ಕೈಗೆ ಇಂಗಿನ ವಾಸನೆ. ಕೊನೆಯ ವರ್ಷದ ಪರೀಕ್ಷೆಯಲ್ಲಿ ಇಬ್ಬರ ಬೆಂಚಿನ ನಡುವೆ ಒಂದು ಚೀಟಿ ಬಿದ್ದಿತ್ತು. ಮೇಲ್ವಿಚಾರಕರು ಎತ್ತಿಕೊಂಡು, ಯಾರದು ಎಂದು ಕೇಳಿದರು. ಇಬ್ಬರೂ ಸುಮ್ಮನಿದ್ದರೆ ಬೈದು ಬಿಡುತ್ತಿದ್ದರೇನೋ. ಲೋಲಾಕ್ಷಿಯದು ಎಂದು ಅನಸೂಯಾ ನಿಜ ಹೇಳಿದಳು. ನಿಜ ಹೇಳಿದಾಗ ಎದೆ ಹಗುರಾಗುತ್ತದೆ ಎಂದು ಓದಿದ್ದಳು, ಹಗುರವೂ ಆಯಿತು. ಲೋಲಾಕ್ಷಿ ಅಳಲಿಲ್ಲ, ಪೆನ್ನಿಗೆ ಮುಚ್ಚಳ ಹಾಕಿ, ಸೆರಗು ಹೊದ್ದು ಎದ್ದು ಹೋದಳು. ಮತ್ತೆ ಕಾಲೇಜಿಗೆ ಬರಲಿಲ್ಲ. ಅಂದಿನ ಪತ್ರಿಕೆ ವ್ಯವಹಾರ ನೀತಿಯದು. ಅನಸೂಯಾಳಿಗೆ ಅದರಲ್ಲಿ ನೂರಕ್ಕೆ ಎಪ್ಪತ್ತೆಂಟು ಬಂದಿತ್ತು.

ಇಪ್ಪತ್ತೊಂದನೆಯ ದಿನ ಅಂಕದ ಪಟ್ಟಿಯ ಮೂವತ್ತೇಳನೆಯ ಸಾಲಿನ ಮುಂದೆ ಬೆರಳಿಟ್ಟುಕೊಂಡು ಕೂತಿದ್ದಾಗಲೂ ಅವಳಿಗೆ ನಿಜವೇ ಮುಖ್ಯವಾಗಿತ್ತು. ತರಬೇತಿಯಲ್ಲಿ ಹೇಳಿಕೊಟ್ಟಿದ್ದರು: ನಮ್ಮ ಭಾಷೆಯವರು, ನಮ್ಮ ಕಡೆಯವರು ಎಂದರೆ ಮನಸ್ಸು ನಮಗೇ ಗೊತ್ತಿಲ್ಲದೆ ವಾಲುತ್ತದೆ, ಎಚ್ಚರವಿರಲಿ. ಪುಂಡರೀಕಾಕ್ಷರು ಇಲ್ಲಿಯವರೇ ಆದ ಯಾರೋ ಸೇಠ್ ಆಗಿದ್ದು ಗೆಜ್ಜೆಯನ್ನು ದೇವರಿಗೆ ಕಟ್ಟಿಟ್ಟಿದ್ದರೆ ತಾನು ಏನು ಬರೆಯುತ್ತಿದ್ದೆ ಎಂದು ಕೇಳಿಕೊಂಡಳು. ಮರಳಿಸಿಲ್ಲ ಎಂದೇ ತಾನೆ. ಸೊನ್ನೆ ಒತ್ತಿದಳು. ಒತ್ತಿದ ಮೇಲೆ ಬೆನ್ನು ನೆಟ್ಟಗಾಯಿತು. ತನ್ನವರೆಂದು ಬಿಡಲಿಲ್ಲ ನೋಡು ಎಂದು ಯಾರಿಗೋ ತೋರಿಸಿದ ಹಾಗಿತ್ತು. ಕಲ್ಯಾಣದ ಬಟ್ಟೆ ಅಂಗಡಿಯವನು ಇಪ್ಪತ್ತಮೂರನೆಯ ದಿನ ಫೋನು ಮಾಡಿದ್ದಕ್ಕೆ, ಪಾಪ, ಮಧ್ಯೆ ಎರಡು ದಿನ ಹಬ್ಬದ ರಜೆಯಿತ್ತಲ್ಲ ಎಂದು ಒಂದು ಕೊಟ್ಟಿದ್ದು ನೆನಪಾದದ್ದು ನಿನ್ನೆ. ಯಂತ್ರ ಜಾರಿಕೊಳ್ಳುವಿಕೆ ಎಂದು ಬೇರೆ ಇಟ್ಟ ಕರೆಗಳಲ್ಲಿ ಇಪ್ಪತ್ತನ್ನು ಪರೀಕ್ಷೆಗೆಂದು ಅವಳಿಗೆ ಕೊಟ್ಟಿದ್ದರು, ಅದರಲ್ಲಿ ಒಂಬತ್ತನೆಯದಾಗಿ ಪುಂಡರೀಕಾಕ್ಷರ ಕೆಮ್ಮು ಕೇಳಿಸಿತ್ತು. ಕರೆ ಆರನೆಯ ದಿನದ್ದು. ಅಂದರೆ ಅವರು ಫೋನು ಮಾಡಿದ್ದರು. ಯಾರ ಮನೆಯವರು ಎಂದು ತಿಳಿಯದೆ, ಮಗು ಹೇಗಿದೆ ಎಂದು ಕೇಳದೆ, ಮಗುವಿನ ವಸ್ತುವನ್ನು ಯಾರೂ ಯಾರ ಕೈಗೂ ಕೊಡುವುದಿಲ್ಲ. ಅವಳ ತಾಯಿಯೂ ಕೊಡುತ್ತಿರಲಿಲ್ಲ. ಅವಳೂ ಕೊಡುತ್ತಿರಲಿಲ್ಲ. ಇದು ಅವಳಿಗೆ ಗೊತ್ತಿತ್ತು, ಪ್ರಶ್ನೆಗಳನ್ನು ಬರೆಯುವ ದಿನ ಹೇಳಲೂ ಹೊರಟಿದ್ದಳು. ಮಾತು ತೊಡರಿತು. ಸುತ್ತ ಕೂತ ಹುಡುಗರು ಗಡಿಯಾರ ನೋಡಿದರು. ನಂತರ ಹೇಳುತ್ತೇನೆ ಅಂದಳು.

ಇವತ್ತು ಸಂಜೆ ಐದಕ್ಕೆ ಆ ಪಟ್ಟಿಗೆ ಬೀಗ ಬೀಳುತ್ತದೆ. ಫಲಿತಾಂಶ ನೋಡಿದ ಮೇಲೆ ಯಾರೂ ತಮಗೆ ಬೇಕಾದ ಹಾಗೆ ತಿದ್ದಬಾರದೆಂದು ಯಂತ್ರಕ್ಕೇ ಬೀಗ ಒಪ್ಪಿಸಿದ್ದರು. ಅದೂ ನೀತಿಯೇ. ಬೀಗ ಬಿದ್ದ ಕೂಡಲೇ ಅದು ವರದಿ ಬರೆದು, ಅಧ್ಯಯನಕ್ಕೆ ಸಹಾಯ ಮಾಡಿದ, ಆ ಹೋಟೆಲಿನ ಮಾಲೀಕರಿಗೆ ಕಳಿಸುತ್ತದೆ. ಅವರಿಗೆ ಈ ರೈಲುಮಾರ್ಗದ ಉದ್ದಕ್ಕೂ ಹನ್ನೊಂದು ಹೋಟೆಲುಗಳು. ವರದಿಯಲ್ಲಿ ಯಾರ ಹೆಸರೂ ಇರುವುದಿಲ್ಲ, ಜಾಗ ಮತ್ತು ಅಂಕ ಮಾತ್ರ. ಆದರೆ ಡೊಂಬಿವಲಿ ಪೂರ್ವದಲ್ಲಿ ಅವರದು ಒಂದೇ ಹೋಟೆಲು. ಅಂಕ ಕಡಿಮೆ ಇರುವ ಕಡೆ ಗಲ್ಲಾದಿಂದ ಮನುಷ್ಯರನ್ನು ಎಬ್ಬಿಸಿ ದುಡ್ಡು ಕಟ್ಟುವ ಕಂಪ್ಯೂಟರ್ ಪರದೆ ಕೂರಿಸುತ್ತಾರಂತೆ ಎಂದು ಆಫೀಸಿನ ಹುಡುಗರು ಊಟದ ಹೊತ್ತಿನಲ್ಲಿ ಮಾತಾಡಿದ್ದನ್ನು ಅವಳು ಕೇಳಿದ್ದಳು. ಗಲ್ಲಾ ಹೋದರೆ ಮೇಲಿನ ಕೋಣೆಯೂ ಹೋಗುತ್ತದೆ.

ಜ್ಯೋತ್ಸ್ನಾ ಸಿಕ್ಕಿದಾಗ ಮಧ್ಯಾಹ್ನ ಎರಡು ದಾಟಿತ್ತು. ಠಾಣೆಯಲ್ಲೇ ಹುಟ್ಟಿ ಬೆಳೆದವಳು, ತಾಯಿಯ ಕಡೆಯ ಕನ್ನಡ, ಅನಸೂಯಾಳಿಗಿಂತ ಹತ್ತು ವರ್ಷ ಚಿಕ್ಕವಳು. ಬೇಲಾಪುರಕ್ಕೆ ಯಾವುದೋ ಮೀಟಿಂಗಿಗೆ ಹೊರಟಿದ್ದವಳು ಚೀಲ ಕೆಳಗಿಟ್ಟು, ಇಯರ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಪೂರ್ತಿ ಕೇಳಿದಳು. ಎರಡನೆಯ ಸಲ ಹಾಕಿ ಕೇಳಿದಳು. ಅವಳ ಮುಖ ಮೆತ್ತಗಾದದ್ದನ್ನು ನೋಡಿ ಅನಸೂಯಾಳಿಗೆ ಧೈರ್ಯ ಬಂತು, ಮುಡಿಪಿನ ವಿಷಯವನ್ನೂ ತೊಡರುತ್ತ ತೊಡರುತ್ತ ಹೇಳಿದಳು.

“ಪಾಪ, ಒಳ್ಳೆ ಮನುಷ್ಯ,” ಅಂದಳು ಜ್ಯೋತ್ಸ್ನಾ. “ಬಟ್ ಅನಸೂಯಕ್ಕ, ನಿಮಗೆ ಈಗ ಇವರ ಮುಖ ಗೊತ್ತು. ಬಾಕಿ ಐವತ್ತೊಂಬತ್ತು ಜನ ಯಾಕೆ ಹಾಗೆ ಮಾಡಿದ್ರು ಅಂತ ಗೊತ್ತಾ? ಅವರಿಗೂ ಏನೋ ಕಾರಣ ಇದ್ದಿರಬಹುದಲ್ಲ. ಮುಖ ಗೊತ್ತಿರೋರಿಗೆ ಮಾತ್ರ ಕರುಣೆ. ನಾವು ಸ್ಟಡಿ ಮಾಡ್ತಿರೋದೇ ಅದನ್ನ, ಅಲ್ವಾ?”

ಅದು ಸರಿಯಾಗಿತ್ತು. ಮುಖ ಗೊತ್ತಿದ್ದದ್ದು ಹೇಗೆ ಎಂದು ಜ್ಯೋತ್ಸ್ನಾ ಕೇಳುವ ಮೊದಲೇ, ಮೂರು ಸಲ ಹೋಗಿದ್ದೆ ಎಂದು ತಾನೇ ಹೇಳಿಬಿಟ್ಟಳು. ಎರಡು ಸಲ ಹೋದದ್ದು. ಚೀಲ ಕೊಟ್ಟ ದಿನವನ್ನೂ ಸೇರಿಸಿ ಮೂರು ಎಂದು, ಮತ್ತೆ ಅದನ್ನು ಬಿಡಿಸಿ ಹೇಳಹೋಗಿ, ಇನ್ನಷ್ಟು ತಪ್ಪಿತಸ್ಥಳಂತೆ ಕಂಡಳು. ಜ್ಯೋತ್ಸ್ನಾ ಮೇಜಿನ ಅಂಚನ್ನು ಉಗುರಿನಿಂದ ಕೆರೆದಳು.

“ಸೊನ್ನೆ ಹೋಗಿ ಒಂದು ಮಾಡೋಕಾಗಲ್ಲ. ಆದ್ರೆ ಒಂದು ದಾರಿ ಇದೆ. ನೀವು ರೂಲ್ ಮುರಿದು ಹೋಗಿದ್ರಿ, ಅದಕ್ಕೆ ಆ ಸಾಲು ನಂಬೋ ಹಾಗಿಲ್ಲ ಅಂತ ರೈಟಿಂಗಲ್ಲಿ ಕೊಡಿ. ಐದರೊಳಗೆ ಬಂದ್ರೆ ನಾನು ಅಲ್ಲಿಂದಲೇ ಆ ಸಾಲು ತೆಗೆದುಹಾಕ್ತೀನಿ. ರಿಪೋರ್ಟಲ್ಲಿ ಆ ಹೋಟೆಲೇ ಇರಲ್ಲ. ಬಟ್ ಆಮೇಲೆ ಮಾರ್ಚಲ್ಲಿ ನಿಮ್ಮ ಕಾಂಟ್ರಾಕ್ಟ್ ಬಗ್ಗೆ ನಾನು ಏನೂ ಪ್ರಾಮಿಸ್ ಮಾಡೋಕಾಗಲ್ಲ, ಅಕ್ಕ.”

ಅನಸೂಯಾ ಎರಡೂವರೆಗೆ ಬರೆಯಲು ಕೂತಳು. ಮೊದಲು ಕನ್ನಡದಲ್ಲಿ ಬರೆದು ಆಮೇಲೆ ಇಂಗ್ಲಿಷಿಗೆ ಮಾಡಿಕೊಳ್ಳುವುದು ಅವಳ ಪದ್ಧತಿ. ನಾನು ನಿಯಮ ಮೀರಿ ಆ ಹೋಟೆಲಿಗೆ ಹೋದೆ ಎಂದು ಬರೆದಳು. ಯಾಕೆ ಹೋದೆ ಎಂದು ಬರೆಯದಿದ್ದರೆ ಅರ್ಧ ನಿಜ. ಹಸಿವಾಗಿತ್ತು ಎಂದು ಬರೆದಳು, ಅಳಿಸಿದಳು. ಕನ್ನಡದಲ್ಲಿ ಯಾರಾದರೂ ಊಟ ಆಯ್ತಾ ಎಂದು ಕೇಳಿ ಬಹಳ ದಿನವಾಗಿತ್ತು ಎಂದು ಬರೆದಳು. ಅದನ್ನು ಆಫೀಸಿನವರು ಓದುತ್ತಾರೆ ಎಂದು ನೆನಪಾಗಿ ಅದನ್ನೂ ಅಳಿಸಿದಳು. ಸೊನ್ನೆ ಹಾಕಿದ್ದು ನಿಯಮದ ಪ್ರಕಾರ ಎಂದಳು. ನಿಯಮದ ಪ್ರಕಾರವೇ? ತಾನು ನಿಷ್ಪಕ್ಷಪಾತಿ ಎಂದು ತನಗೇ ತೋರಿಸಿಕೊಳ್ಳಲು ಹಾಕಿದ್ದಲ್ಲವೆ? ಹಾಗಿದ್ದರೆ ಕಲ್ಯಾಣದ ಬಟ್ಟೆ ಅಂಗಡಿಯದನ್ನೂ ಬರೆಯಬೇಕು. ಅದನ್ನು ಬರೆದರೆ ಬೇರೆ ಸಾಲುಗಳ ಮೇಲೂ ಅನುಮಾನ ಬಂದು ಮೂವತ್ತೇಳರ ಮಾತು ಹಿಂದೆ ಬೀಳುತ್ತದೆ. ಪರದೆಯ ಪಕ್ಕದಲ್ಲಿ ಯಂತ್ರ, ಈ ಪತ್ರವನ್ನು ಇನ್ನಷ್ಟು ಅಚ್ಚುಕಟ್ಟು ಮಾಡಿಕೊಡಲೇ ಎಂದು ಕೇಳುತ್ತಿತ್ತು. ಬೇಡ ಎಂದು ಒತ್ತಿದಳು. ಎರಡು ನಿಮಿಷಕ್ಕೆ ಮತ್ತೆ ಕೇಳಿತು. ನಾಲ್ಕು ಗಂಟೆಗೆ ಚಹಾ ಬಂತು, ತಣ್ಣಗಾಯಿತು. ನಾಲ್ಕೂ ಮುಕ್ಕಾಲಿಗೆ ಆರು ಸಾಲುಗಳಿದ್ದವು, ಆರನೆಯದು ಅವಳಿಗೆ ಒಪ್ಪಿಗೆಯಿರಲಿಲ್ಲ. ಪುಂಡರೀಕಾಕ್ಷರನ್ನು ಅದರಲ್ಲಿ ಏನೆಂದು ಕರೆಯಬೇಕು? ಸಬ್ಜೆಕ್ಟ್ ಎನ್ನುವುದು ಆಫೀಸಿನ ಮಾತು. ಆ ವ್ಯಕ್ತಿ ಎಂದರೆ ಆರೋಪಿಯಂತೆ ಕೇಳುತ್ತದೆ. ಹಿರಿಯರು ಎಂದು ಬರೆದಳು, ಪಕ್ಷಪಾತ ಎಂದುಕೊಂಡಾರು ಎಂದು ತೆಗೆದಳು, ಮತ್ತೆ ಹಾಕಿದಳು. ಅಷ್ಟರಲ್ಲಿ ಇನ್ನೊಂದು ಕಿಟಕಿಯಲ್ಲಿ ತೆರೆದಿಟ್ಟಿದ್ದ ಪಟ್ಟಿ ಸದ್ದಿಲ್ಲದೆ ಬೂದುಬಣ್ಣಕ್ಕೆ ತಿರುಗಿತು.

ಐದು ಗಂಟೆ. ಅವಳು ಮೂವತ್ತೇಳನೆಯ ಸಾಲಿನ ಮೇಲೆ ಬೆರಳಿಟ್ಟು ಒತ್ತಿ ನೋಡಿದಳು. ಗಾಜಿನೊಳಗಿನ ಮೀನನ್ನು ಮುಟ್ಟಿದ ಹಾಗಾಯಿತು. ಐದು ಗಂಟೆ ನಾಲ್ಕು ನಿಮಿಷಕ್ಕೆ ಪತ್ರ ಕಳಿಸಿದಳು. ಮರುಕ್ಷಣ ಉತ್ತರ ಬಂತು, ಜ್ಯೋತ್ಸ್ನಾಳದಲ್ಲ, ಯಂತ್ರದ್ದು. ನಿಮ್ಮ ಟಿಪ್ಪಣಿ ತಲುಪಿದೆ, ಮುಂದಿನ ಅಧ್ಯಯನದಲ್ಲಿ ಗಮನಿಸಲಾಗುವುದು. ಎರಡೂವರೆ ಗಂಟೆ ತಾನು ಸರಿಯಾದ ಮಾತು ಹುಡುಕುತ್ತಿದ್ದೆನೋ, ಐದು ಗಂಟೆಯಾಗಲಿ ಎಂದು ಕಾಯುತ್ತಿದ್ದೆನೋ? ಮಾರ್ಚ್ ಎಂಬ ಮಾತು ಎರಡೂವರೆಯಿಂದ ಅವಳ ಕಿವಿಯಲ್ಲಿತ್ತು. ಘಣಸೋಲಿಯಿಂದ ಠಾಣೆಯವರೆಗೆ, ಠಾಣೆಯಿಂದ ಡೊಂಬಿವಲಿಯವರೆಗೆ ಬಾಗಿಲ ಕಂಬ ಹಿಡಿದು ನಿಂತು ಅದೊಂದನ್ನೇ ಕೇಳಿಕೊಂಡಳು. ಹಿಂದೆ ಪರೀಕ್ಷೆಯ ಕೋಣೆಯಲ್ಲಿ ನಿಜ ಹೇಳಲು ಅವಳಿಗೆ ಒಂದು ಗಳಿಗೆಯೂ ಬೇಕಾಗಿರಲಿಲ್ಲ.

ಹೋಟೆಲಿನಲ್ಲಿ ಸಂಜೆಯ ಗದ್ದಲ. ಎಂಐಡಿಸಿಯ ಕಾರ್ಖಾನೆಗಳಲ್ಲಿ ಪಾಳಿ ಬಿಟ್ಟವರು ಗೋಳಿಬಜೆಗೆ ಮುತ್ತಿಕೊಂಡಿದ್ದರು. ಪುಂಡರೀಕಾಕ್ಷರು ಗಲ್ಲಾದಲ್ಲೇ ಇದ್ದರು, ಏನೂ ಗೊತ್ತಿಲ್ಲದವರ ಹಾಗೆ, ಅವರಿಗೆ ಏನೂ ಗೊತ್ತಿರಲೂ ಇಲ್ಲ. ಅವಳನ್ನು ಕಂಡು ಕನ್ನಡಕದ ಮೇಲಿಂದ ನಕ್ಕರು. “ಏನಕ್ಕ, ಮೊನ್ನೆ ದೋಸೆ ಬಿಟ್ಟು ಹೋದವರು ಇವತ್ತು ಬಂದ್ರಿ. ಅಡಿಗೆ ಭಟ್ರಿಗೆ ಬೇಜಾರಾಗಿ ಚಟ್ನಿಗೆ ಉಪ್ಪೇ ಹಾಕ್ಲಿಲ್ಲ ಮತ್ತೆ.” ಅವಳು ನಗಲಿಲ್ಲ. ಗಲ್ಲಾದ ಪಕ್ಕ, ಸೋಂಪಿನ ತಟ್ಟೆಯ ಹತ್ತಿರ ನಿಂತು, ಜನ ಬಂದು ಹೋಗುವ ನಡುನಡುವೆ ಹೇಳಿದಳು. ಗೆಜ್ಜೆ ಮೇಜಿನ ಕೆಳಗೆ ಸಿಕ್ಕಿದ್ದಲ್ಲ. ತಾನೇ ತಂದದ್ದು. ಅಂಥವು ಅರವತ್ತು. ಜನ ಏನು ಮಾಡುತ್ತಾರೆ ಎಂದು ನೋಡುವ ಪರೀಕ್ಷೆ. ಚೀಟಿ ಬರೆದವಳೂ ತಾನೇ, ಫೋನಿನಲ್ಲಿದ್ದ ದನಿಯೂ ತನ್ನದೇ, ಆದರೆ ಅದು ತಾನಲ್ಲ. ಇದನ್ನು ಹೇಳುವಾಗ ಬಹಳ ತೊಡರಿತು. ಅವರು ಚಿಲ್ಲರೆ ಕೊಡುತ್ತಿದ್ದ ಕೈ ನಿಲ್ಲಿಸಿ ಕೇಳಿದರು.

“ನೀವಾ ಅಕ್ಕ ಅದು? ನಾನು ಹೆದರಿ ಹೋದೆ. ಕೇಳಿದ್ದಕ್ಕೆ ಉತ್ತರ ಇಲ್ಲ, ಉಸಿರು ಸಹ ಇಲ್ಲ. ಬದುಕಿದವರ ಹಾಗೆ ಇರ್ಲಿಲ್ಲ ಅದು.” ಆಮೇಲೆ ಅವರ ಮುಖದಲ್ಲಿ ಏನೋ ನಿಧಾನವಾಗಿ ಬದಲಾಯಿತು. “ಅಂದ್ರೆ ಮಗು?”

“ಮಗು ಇಲ್ಲ ಅಣ್ಣಾ. ಮಗು ಅಂತ ಯಾರೂ ಇಲ್ಲ.”

ಅವಳು ಬೈಗುಳಕ್ಕೆ ಕಾದಳು. ಅವರು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು, ಬಹಳ ಹೊತ್ತು ಒರೆಸಿದರು.

“ಹಾಗಾದ್ರೆ ಮಗುವಿಗೆ ಏನೂ ಆಗ್ಲಿಲ್ಲ,” ಅಂದರು. “ದೇವ್ರು ದೊಡ್ಡವ. ನಾನು ರಾತ್ರಿ ಸಹ ಅದನ್ನೇ ಯೋಚನೆ ಮಾಡುದು ಮಾರಾಯ್ತಿ. ಈ ರೈಲು, ಈ ಜನ, ಅಮ್ಮನ ಸೊಂಟದಿಂದ ಎಲ್ಲಿ ಜಾರಿತೋ ಅಂತ.”

ಅವರ ಕಣ್ಣು ಒದ್ದೆಯಾಗಿತ್ತು, ಮುಖದಲ್ಲಿ ಸಂತೋಷವಿತ್ತು. ಅದನ್ನು ಅನಸೂಯಾ ಎಣಿಸಿರಲಿಲ್ಲ. ಸೊನ್ನೆಯ ವಿಷಯ, ಮಾಲೀಕರ ವಿಷಯ, ಐದು ಗಂಟೆಯ ವಿಷಯ ಹೇಳಲೇಬೇಕಿತ್ತು. ಹೇಳಿದಳು. ಅವರು ಅದನ್ನೂ ಕೇಳಿಸಿಕೊಂಡರು, ಆದರೆ ಬೇರೆ ಯಾರದೋ ಊರಿನ ಸುದ್ದಿ ಕೇಳಿದ ಹಾಗೆ. ಮಾಲೀಕರ ಅಪ್ಪನ ಕಾಲದಿಂದ ಇದ್ದೇನೆ, ಒಂದು ಕಾಗದ ನೋಡಿ ಏಳು ಅಂತಾರಾ ಎಂದು ಹೇಳಿ, ಅನ್ನಬಹುದು ಎಂದು ತಮಗೇ ತೋಚಿದವರಂತೆ ಸ್ವಲ್ಪ ಹೊತ್ತು ಮಾಳಿಗೆಯ ಮೆಟ್ಟಿಲಿನ ಕಡೆ ನೋಡಿದರು. ಯಾರೋ ಎರಡು ಚಹಾ, ಒಂದು ಬಜೆ ಎಂದು ಬಿಲ್ಲು ಮುಂದಿಟ್ಟರು. ಅದನ್ನು ತೆಗೆದುಕೊಂಡು ಚಿಲ್ಲರೆ ಕೊಟ್ಟರು. ಆಮೇಲೆ ಎದ್ದು ಕೈ ತೊಳೆದು ಬಂದು ಪಟದ ಮೊಳೆಯಿಂದ ಗಂಟನ್ನು ಬಿಡಿಸಿದರು.

ಅದನ್ನು ಬಿಚ್ಚಿ ಗೆಜ್ಜೆಯನ್ನೂ ಚೀಟಿಯನ್ನೂ ಫೋಟೋ ತೆಗೆದು ಮಾಲೀಕರಿಗೆ ಕಳಿಸೋಣ, ನೀವು ಮುಟ್ಟದೆ ಇಟ್ಟಿದ್ದೀರಿ ಎಂದು ತೋರಿಸೋಣ ಎಂದು ಅನಸೂಯಾ ಅಂದಳು. ಆ ಆಲೋಚನೆ ಅವಳಿಗೆ ಆಗಷ್ಟೇ ಬಂದದ್ದು. ಅವರು ಗಂಟನ್ನು ಎದೆಯ ಹತ್ತಿರ ಹಿಡಿದುಕೊಂಡರು.

“ಅದು ಆಗ್ಲಿಕ್ಕಿಲ್ಲ. ಹೇಳಿಕೊಂಡು ಕಟ್ಟಿದ್ದು. ಅಮ್ಮನ ಎದುರು ಅಲ್ಲದೆ ಬಿಚ್ಚಲಿಕ್ಕಿಲ್ಲ.”

“ಯಾರಿಗೋಸ್ಕರ ಹೇಳಿಕೊಂಡ್ರೋ ಆ ಮಗುವೇ ಇಲ್ವಲ್ಲ ಅಣ್ಣಾ.”

“ನಾನು ಹೇಳಿಕೊಂಡದ್ದು ಇದೆಯಲ್ಲ,” ಅಂದರು ಅವರು, ಅವಳಿಗೆ ಅಷ್ಟೂ ಗೊತ್ತಿಲ್ಲವೇ ಎಂಬ ಆಶ್ಚರ್ಯದಿಂದ. ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಕೈಗಿಟ್ಟರು. “ತಾಯಿ ಬಂದ್ರೆ ಕೊಡುದು ಅಂತ ಇತ್ತು. ಚೀಟಿ ಬರೆದದ್ದು ನೀವಲ್ವಾ. ತಗೊಳ್ಳಿ. ಊರಿಗೆ ಹೋದಾಗ ಅಮ್ಮನಿಗೆ ಹಾಕಿ. ಹಾಂ, ಊಟ ಆಯ್ತಾ ನಿಮ್ದು?”

ಆಯಿತು ಎಂದು ಸುಳ್ಳು ಹೇಳಿ ಹೊರಟಳು. ಡೊಂಬಿವಲಿಯ ಪ್ಲಾಟ್‌ಫಾರಮಿನಲ್ಲಿ ಕತ್ತಲಾಗುತ್ತಿತ್ತು. ಟಿಟ್ವಾಳಾದ ಗಾಡಿ ಹನ್ನೆರಡು ನಿಮಿಷ ತಡ ಎಂದು ಬೋರ್ಡು ತೋರಿಸುತ್ತಿತ್ತು. ಗಂಟನ್ನು ಕೈಚೀಲದೊಳಗೆ, ಆಫೀಸಿನ ಮೊಬೈಲಿನ ಪಕ್ಕ ಇಟ್ಟಿದ್ದಳು. ನಡೆದಾಗೆಲ್ಲ ಒಳಗೆ ಬಟ್ಟೆಯಡಿಯಲ್ಲಿ ಕಿಣಿ ಎನ್ನುತ್ತಿತ್ತು. ಪಕ್ಕದಲ್ಲಿ ತಾಯಿಯ ಹೆಗಲ ಮೇಲಿದ್ದ ಕೂಸೊಂದು ತಲೆಯೆತ್ತಿ ಸದ್ದು ಎಲ್ಲಿಂದ ಎಂದು ಹುಡುಕಿತು. ಅನಸೂಯಾ ಅಲುಗಾಡದೆ ನಿಂತಳು. ಆಮೇಲೆ ತನ್ನ ಸ್ವಂತ ಫೋನು ತೆಗೆದು, ಬಾಯಿಪಾಠವಾಗಿದ್ದ ಆ ನಂಬರು ಒತ್ತಿ, ಕೊನೆಗೆ ಚೀಲದ ಸಂಖ್ಯೆ ಮೂರು ಏಳು ಒತ್ತಿ, ಕನ್ನಡಕ್ಕಿರುವ ಗುಂಡಿಯನ್ನು ಒತ್ತಿದಳು.

ನಮಸ್ಕಾರ ಎಂದಿತು ಅವಳ ದನಿ. ನಿಮಗೆ ಸಿಕ್ಕಿದ ವಸ್ತು ಯಾವುದು, ಎಲ್ಲಿ ಸಿಕ್ಕಿತು, ನಿಮ್ಮ ಹೆಸರೇನು, ದಯವಿಟ್ಟು ಹೇಳಿ.

“ಗೆಜ್ಜೆ,” ಅಂದಳು ಅನಸೂಯಾ. “ಮಗುವಿನ, ಒಂದು ಗೆಜ್ಜೆ. ಡೊಂಬಿವಲಿ ಪೂರ್ವ. ಹೆಸರು... ಹೆಸರು ಪುಂಡರೀಕಾಕ್ಷ. ಅವರು ಕೊಟ್ಟಿದ್ದಾರೆ. ವಾಪಸು ಕೊಟ್ಟಿದ್ದಾರೆ.”

ಅತ್ತ ಕಡೆ ಒಂದು ಗಳಿಗೆ ಏನೂ ಇಲ್ಲ, ಉಸಿರೂ ಇಲ್ಲ. ಈ ಮೌನವನ್ನೇ ಪುಂಡರೀಕಾಕ್ಷರು ಹದಿನಾಲ್ಕು ಸೆಕೆಂಡು ಕಿವಿಗಿಟ್ಟುಕೊಂಡು ನಿಂತಿದ್ದರು. ಧನ್ಯವಾದ ಎಂದಿತು ದನಿ, ಎಲ್ಲೂ ತೊಡರದೆ. ಮಗುವಿನ ತಾಯಿಗೆ ತಿಳಿಸುತ್ತೇವೆ.

ಕೈಚೀಲದೊಳಗೆ, ತಾಯಿಗೆಂದು ಬಂದ ಸಂದೇಶಕ್ಕೆ ಆಫೀಸಿನ ಮೊಬೈಲು ನಡುಗಿತು. ಅದರ ಪಕ್ಕದಲ್ಲಿದ್ದ ಗೆಜ್ಜೆ ಸಣ್ಣಗೆ, ನಿಲ್ಲದೆ, ಯಾರೋ ಹೆಜ್ಜೆ ಕಲಿಯುತ್ತಿರುವ ಹಾಗೆ ಸದ್ದು ಮಾಡತೊಡಗಿತು. ಹೆಗಲ ಮೇಲಿನ ಕೂಸು ಮತ್ತೆ ತಲೆಯೆತ್ತಿ ನೇರ ಅವಳ ಕಡೆ ನೋಡಿತು.